ಮೊಬೈಲಿನ ಯೋಗಕ್ಷೇಮ

ಹಿಂದೆ ಕಾಗದ ಬರೆಯುವಾಗ ‘ನಿಮ್ಮ ಯೋಗಕ್ಷೇಮಕ್ಕೆ ಬರೆಯುವುದು’ ಎಂದು ಮುಗಿಸದವರು ನಮ್ಮಲ್ಲಿ ಯಾರಿದ್ದರು? ಆ ಪದವು ಎರಡು ಮಾತುಗಳ ಕೂಟವೆಂಬುದು ಮಾತ್ರ ಅನೇಕರ ಲಕ್ಷ್ಯಕ್ಕೆ ಬಂದಿರಲಾರದು. ಇನ್ನೂ ಕೈಸೇರದಿರುವುದನ್ನು ಸಂಪಾದಿಸುವುದು ಯೋಗ. ಕೈಸೇರಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಯೋಗಕ್ಕಿಂತ ಕ್ಷೇಮವೇ ಕಷ್ಟವೆಂಬುದು ಸಂಸಾರಸ್ಥರೆಲ್ಲರ ಅನುಭವ. ಮನೆ ಕಟ್ಟಿಸುವುದು ಒಂದು ವರ್ಷದ ಕೆಲಸವಾದರೆ, ಅದು ಸೋರದಂತೆ ನೋಡಿಕೊಳ್ಳುವುದು ಜನ್ಮಪೂರ್ತಿಯ ಕೆಲಸ. ಈ ಮಾತು ನನಗೆ ನೆನಪಾದುದು ಹೊಸಪೇಟೆಯ ಒಂದು ಮೊಬೈಲಿನ ಅಂಗಡಿಯಲ್ಲಿ.

ಹೋದ ವರ್ಷದ ದೀಪಾವಳಿಗೆ ಸೊಸೆಗೊಂದು ಫೋನನ್ನು ಕೊಡಿಸಬೇಕೆಂದು ಮನೆಯಲ್ಲಿ ನಿಶ್ಚಯವಾಯಿತು. ಹತ್ತೊಂಬತ್ತೂವರೆ ಸಾವಿರ ರೂಪಾಯಿಯ ಒಂದು ಫೋನು ಎಲ್ಲರಿಗೂ ಒಪ್ಪಿಗೆಯಾಯಿತು. ಹಣ ಕೊಡುವ ಹೊತ್ತಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದ ತರುಣನು, ಅವನು ಒಂದು ಕಾಲಕ್ಕೆ ನನ್ನ ಶಿಷ್ಯ, ಬಹಳ ವಿನಯದಿಂದ ಹೇಳಿದನು: “ಸರ್, ಇದಕ್ಕೊಂದು ಪ್ರೊಟೆಕ್ಷನ್ ಪ್ಲಾನ್ ಹಾಕಿಸಿಬಿಡ್ರಿ. ಸಾವಿರದ ಎಂಟುನೂರು ಅಷ್ಟೆ. ಸ್ಕ್ರೀನ್ ಒಡೀತು ಅಂದ್ರೆ ಆರು ಸಾವಿರ ಆಗ್ತೈತಿ ನೋಡ್ರಿ.”

“ಅದರ ಕರಾರಿನ ಕಾಗದವನ್ನು ಕೊಡಪ್ಪಾ, ಓದಿ ಹೇಳುತ್ತೇನೆ” ಎಂದೆ.

“ಕಾಗದ ಇಲ್ಲ ಸರ್. ಹಣ ಕಟ್ಟಿದ ಮ್ಯಾಲೆ ಫೋನಿಗೇ ಬರ್ತೈತಿ.”

ಕೊಂಡ ಮೇಲೆ ಓದತಕ್ಕ ಕರಾರು! ನಲವತ್ತು ಮಂದಿ ಹುಡುಗರಿಗೆ ಪ್ರಶ್ನೆ ಓದಿ ಉತ್ತರ ಬರೆಯಿರೆಂದು ಮೂವತ್ತು ವರ್ಷ ಹೇಳಿದವನಿಗೆ ಇದು ಒಗ್ಗಲಿಲ್ಲ. ಎರಡು ದಿನದ ಅವಕಾಶವನ್ನು ಕೇಳಿ, ಫೋನನ್ನು ಮಾತ್ರ ತೆಗೆದುಕೊಂಡು ಮನೆಗೆ ಬಂದೆ. ಆದರೆ ದಾರಿಯುದ್ದಕ್ಕೂ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಹುಡುಗನು ಹೇಳಿದುದು ಸುಳ್ಳೇನೂ ಅಲ್ಲವಷ್ಟೆ. ಗಾಜು ಒಡೆಯುವುದು ನಿಜ, ಖರ್ಚಾಗುವುದೂ ನಿಜ. ಹಾಗಾದರೆ ಈ ಯೋಜನೆಯನ್ನು ಕೊಳ್ಳುವುದು ಯುಕ್ತವೋ ಅಯುಕ್ತವೋ? ಆ ಎರಡು ದಿನಗಳಲ್ಲಿಯೂ ಅನಂತರದ ಒಂದು ವರ್ಷದಲ್ಲಿಯೂ ವಿಚಾರಿಸಿ ತಿಳಿದುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕೊಳ್ಳುವವನ ಚಿಂತೆ ಇಂದು ನಿನ್ನೆಯದಲ್ಲ. ನಮ್ಮ ಧರ್ಮಶಾಸ್ತ್ರಗಳಲ್ಲಿ ಹದಿನೆಂಟು ವ್ಯವಹಾರ ಪದಗಳನ್ನು ಹೇಳಿದೆ. ಅವುಗಳಲ್ಲಿ ಕೊಂಡ ವಸ್ತುವಿನ ವಿಷಯದಲ್ಲಿ ಅನಂತರ ಪಶ್ಚಾತ್ತಾಪಪಡುವುದೂ ಒಂದು. ಹೀಗೆ ಪಶ್ಚಾತ್ತಾಪಪಟ್ಟವನು ಹತ್ತು ದಿನಗಳೊಳಗೆ ವಸ್ತುವನ್ನು ಹಿಂದಿರುಗಿಸಬಹುದೆಂದು ಮನುವಿನ ಮತ. ಯಾಜ್ಞವಲ್ಕ್ಯನು ಇನ್ನೂ ಸೂಕ್ಷ್ಮವಾಗಿ ವಸ್ತುವಸ್ತುವಿಗೂ ಪರೀಕ್ಷೆಯ ಕಾಲವನ್ನು ಬೇರೆ ಬೇರೆಯಾಗಿ ವಿಧಿಸಿದ್ದಾನೆ: ಬಿತ್ತನೆಯ ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಎತ್ತು ಮೊದಲಾದ ಹೊರೆ ಹೊರುವ ಪ್ರಾಣಿಗಳಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನ. ಈ ಸ್ಮೃತಿಗೆ ಮಿತಾಕ್ಷರವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕನ್ನಡ ನಾಡಿನವನೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಹಸುವಿನ ಗುಣವು ಮೂರು ದಿನ ಕರೆದರೆ ತಿಳಿಯುತ್ತದೆ, ಬೀಜದ ಗುಣವು ಮೊಳೆತರೆ ತಿಳಿಯುತ್ತದೆ. ದೋಷವು ಹೊರಬೀಳಲು ಎಷ್ಟು ಕಾಲ ಬೇಕೋ ಅಷ್ಟು ಕಾಲ ಮಾರಿದವನು ಹೊಣೆ. ಇಂದಿನ ‘ವಾರಂಟಿ’ ಎಂಬುದರ ತಿರುಳೂ ಇದೇ ಅಲ್ಲವೆ? ಈಗಿನ ಫೋನುಗಳಿಗೆ ತಯಾರಕರು ಸಾಮಾನ್ಯವಾಗಿ ಒಂದು ವರ್ಷದ ಹೊಣೆಯನ್ನು ಹೊರುತ್ತಾರೆ. ಇದಕ್ಕಾಗಿ ನಾವು ಬೇರೆ ಹಣ ಕೊಡಬೇಕಾಗಿಲ್ಲ; ಅದು ವಸ್ತುವಿನ ಬೆಲೆಯಲ್ಲಿಯೇ ಸೇರಿದೆ.

ಆದರೆ ಈ ಹೊಣೆಯು ಯಾವುದಕ್ಕೆ? ತಯಾರಿಕೆಯಲ್ಲಿ ಆದ ದೋಷಕ್ಕೆ ಮಾತ್ರ. ಹಸು ಹಾಲು ಕೊಡದಿದ್ದರೆ ಮಾರಿದವನು ಹೊಣೆ. ನಾವು ಹಸುವನ್ನು ಹಳ್ಳಕ್ಕೆ ಕೆಡವಿದರೆ ಅವನು ಹೇಗೆ ಹೊಣೆಯಾದಾನು? ಕೈಜಾರಿ ಬಿದ್ದ ಫೋನು, ನೀರಿನಲ್ಲಿ ಮುಳುಗಿದ ಫೋನು, ಕಳುವಾದ ಫೋನು, ಇವು ಯಾವುವೂ ಆ ಒಂದು ವರ್ಷದ ವಾರಂಟಿಯೊಳಗೆ ಬರತಕ್ಕವುಗಳಲ್ಲ. ಇಲ್ಲಿಯೇ ಹಣ ಕೊಟ್ಟು ಕೊಳ್ಳುವ ಯೋಜನೆಗಳ ಪ್ರವೇಶ. ಅವು ಹೆಸರಿನಲ್ಲಿ ಒಂದೇ ಬಗೆಯಾಗಿ ಕಂಡರೂ ಗುಣದಲ್ಲಿ ಮೂರು ಬಗೆಯವಾಗಿವೆ.

ಮೊದಲನೆಯದು ವಿಸ್ತರಿಸಿದ ವಾರಂಟಿ. ಇದು ಮೊದಲ ವರ್ಷ ಮುಗಿದ ಮೇಲೆ ಪ್ರಾರಂಭವಾಗಿ, ತಯಾರಿಕೆಯ ದೋಷಗಳನ್ನಷ್ಟೇ ಇನ್ನೊಂದೆರಡು ವರ್ಷ ನೋಡಿಕೊಳ್ಳುತ್ತದೆ. ಎರಡನೆಯದು ಆಕಸ್ಮಿಕ ಹಾನಿಯ ರಕ್ಷಣೆ. ಗಾಜು ಒಡೆಯುವುದು, ನೀರು ಸೇರುವುದು ಮುಂತಾದವು ಇದರಲ್ಲಿ ಬರುತ್ತವೆ. ಸಾಮಾನ್ಯವಾಗಿ ಕೊಂಡ ದಿನದಿಂದಲೇ ಜಾರಿಗೆ ಬರುತ್ತದೆ. ಮೂರನೆಯದು ಕಳವಿನ ರಕ್ಷಣೆ. ಇದರಲ್ಲಿ ‘ಕಳುವಾದುದು’ ಬೇರೆ, ‘ಮರೆತು ಬಿಟ್ಟುಬಂದುದು’ ಬೇರೆ. ಹೊಸಪೇಟೆಯ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಫೋನನ್ನಿಟ್ಟು ಬಸ್ಸು ಹತ್ತಿದವನಿಗೆ ಅನೇಕ ಯೋಜನೆಗಳಲ್ಲಿ ಚಿಕ್ಕಾಸೂ ಹುಟ್ಟುವುದಿಲ್ಲ. ಪೊಲೀಸ್ ದೂರಿನ ಪ್ರತಿಯನ್ನು ಕೇಳುತ್ತಾರೆ.

ಈ ಮೂರರ ಭೇದವನ್ನು ತಿಳಿಯದೆ ಹೋದರೆ ಏನಾಗುತ್ತದೆಂಬುದಕ್ಕೆ ಕಂಪ್ಲಿಯಲ್ಲಿರುವ ನನ್ನ ಸೋದರಳಿಯನೇ ಉದಾಹರಣೆ. ಅವನು ಸಣ್ಣ ಹಿಡುವಳಿಯ ರೈತ, ಭತ್ತ ಬೆಳೆಯುವವನು. ಪಹಣಿ ನೋಡುವುದು, ಗೊಬ್ಬರದಂಗಡಿಗೆ ಹಣ ಕಳುಹಿಸುವುದು, ಬ್ಯಾಂಕಿನ ಗುಪ್ತಸಂಖ್ಯೆ ಬರುವುದು, ಎಲ್ಲವೂ ಅವನಿಗೆ ಆ ಒಂದೇ ಫೋನಿನಲ್ಲಿ. ಕೊಂಡಾಗಲೇ ಎರಡು ಸಾವಿರಕ್ಕೂ ಹೆಚ್ಚು ಕೊಟ್ಟು ‘ಪ್ರೊಟೆಕ್ಷನ್’ ಹಾಕಿಸಿದ್ದನು. ಏನಾದರೂ ನಾವಿದ್ದೇವೆಂದು ಮಾರಿದವರು ಹೇಳಿದ್ದರಂತೆ. ಒಂದು ದಿನ ಬೆಳಗಿನ ಜಾವ ನೀರು ಕಟ್ಟಲು ಬಾಗಿದಾಗ ಅಂಗಿಯ ಜೇಬಿನಿಂದ ಫೋನು ಕಾಲುವೆಗೆ ಬಿದ್ದಿತು. ಕೂಡಲೇ ತೆಗೆದನಾದರೂ ಅದು ಮತ್ತೆ ಮಾತನಾಡಲಿಲ್ಲ. ಅಂಗಡಿಗೆ ಹೋದರೆ, “ನೀವು ಹಾಕಿಸಿದ್ದು ವಾರಂಟಿ, ನೀರಿಗೆ ಬಿದ್ದದ್ದು ಬರೋದಿಲ್ಲ” ಎಂಬ ಉತ್ತರ.

“ಮಾಮಾ, ನಾನು ರೊಕ್ಕ ಕೊಟ್ಟದ್ದು ಮತ್ಯಾಕ?” ಎಂದು ಅವನು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ನಾಟಿಯ ಆಳಿನ ಕೂಲಿಗೆಂದು ಇಟ್ಟುಕೊಂಡಿದ್ದ ಹಣದಲ್ಲಿ ಹೊಸ ಫೋನು ಕೊಂಡನು. ಕೂಲಿಗೆ ಬಡ್ಡಿಸಾಲ ಮಾಡಿದನು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಗೆ ಅವನ ಪರವಾಗಿ ನಾನೇ ಕರೆಮಾಡಿ ದೂರು ಬರೆಸಿದೆ. ಕೆಲವು ವಾರಗಳ ಮೇಲೆ ಯೋಜನೆಗಾಗಿ ಕೊಟ್ಟಿದ್ದ ಹಣವಷ್ಟೇ ಹಿಂದಿರುಗಿತು. ಫೋನು ಹೋದುದು ಹೋಯಿತು.

ಇದನ್ನು ಹೇಳಿ, ಯೋಜನೆಗಳೆಲ್ಲವೂ ಮೋಸವೆಂದು ಬಿಟ್ಟುಬಿಟ್ಟರೆ ಅನ್ಯಾಯವಾಗುತ್ತದೆ. ಸಂಡೂರಿನಲ್ಲಿ ನಮ್ಮ ಪರಿಚಿತರ ಮಗಳೊಬ್ಬಳಿದ್ದಾಳೆ. ಲಂಬಾಣಿ ಕಸೂತಿಯ ಕೆಲಸವನ್ನು ಬಲ್ಲವಳು. ಸಂಡೂರಿನ ಈ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯುಂಟೆಂಬುದು ವಾಚಕರಿಗೆ ತಿಳಿದಿರಬಹುದು. ಹೊಲಿದುದರ ಚಿತ್ರವನ್ನು ತೆಗೆದು ಬೆಂಗಳೂರಿನ ಗಿರಾಕಿಗಳಿಗೆ ಕಳುಹಿಸಿ ಬೇಡಿಕೆ ಪಡೆಯುವುದು ಅವಳ ಜೀವನೋಪಾಯ. ಒಳ್ಳೆಯ ಚಿತ್ರ ಬರಬೇಕೆಂದು ಶಕ್ತಿಮೀರಿ ದುಬಾರಿಯ ಫೋನನ್ನೇ ಕೊಂಡಿದ್ದಳು. ಬಂಧುಗಳೊಡನೆ ಹಂಪಿಗೆ ಹೋಗಿ ಮಾತಂಗ ಪರ್ವತವನ್ನು ಹತ್ತುತ್ತಿದ್ದಾಗ ಅದು ಬಂಡೆಯ ಮೇಲೆ ಬಿದ್ದು ಗಾಜು ನುಚ್ಚುನೂರಾಯಿತು. ಅವಳು ಕೊಂಡಿದ್ದುದು ಆಕಸ್ಮಿಕ ಹಾನಿಯ ರಕ್ಷಣೆ. ಮರುದಿನವೇ ತಿಳಿಸಿದಳು, ಬಿಲ್ಲನ್ನು ತೋರಿಸಿದಳು, ನಿಗದಿಯಾದ ಸಣ್ಣ ಶುಲ್ಕವನ್ನು ಕಟ್ಟಿದಳು. ಹತ್ತು ದಿನಗಳೊಳಗೆ ಹೊಸ ಗಾಜು ಬಂದಿತು. ಅವಳ ಪಾಲಿಗೆ ಆ ಯೋಜನೆಯು ಹಾಕಿದ ಹಣದ ಹಲವು ಪಟ್ಟು ಫಲ ಕೊಟ್ಟಿತು. ಕಂಪ್ಲಿಯಲ್ಲಿ ವ್ಯರ್ಥವಾದುದೇ ಸಂಡೂರಿನಲ್ಲಿ ಸಾರ್ಥಕವಾಯಿತು. ಭೇದವು ಅದೃಷ್ಟದ್ದಲ್ಲ, ಕರಾರಿನದು.

ಇನ್ನು ಲೆಕ್ಕಕ್ಕೆ ಬರೋಣ. ನನಗೆ ಹೇಳಿದ ಬೆಲೆಯನ್ನೇ ಹಿಡಿಯೋಣ. ಯೋಜನೆಗೆ ವರ್ಷಕ್ಕೆ ₹1,800. ಗಾಜು ಬದಲಿಸಲು ₹6,000. ಯೋಜನೆಯಿದ್ದರೂ ದುರಸ್ತಿಯ ಕಾಲಕ್ಕೆ ನಾವು ಕಟ್ಟಬೇಕಾದ ಶುಲ್ಕ ₹600 ಎಂದಿಟ್ಟುಕೊಂಡರೆ, ನಮಗಾಗುವ ಉಳಿತಾಯ ₹5,400. ಇದು ₹1,800ರ ಮೂರು ಪಟ್ಟು. ಎಂದರೆ, ಮೂರು ವರ್ಷಗಳಿಗೊಮ್ಮೆ ಫೋನನ್ನು ಒಡೆಯುವವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ವರ್ಷಕ್ಕೊಮ್ಮೆ ಒಡೆಯುವವನಿಗೆ ಲಾಭ. ಐದಾರು ವರ್ಷಗಳಲ್ಲಿ ಒಮ್ಮೆಯೂ ಒಡೆಯದವನಿಗೆ ಶುದ್ಧ ನಷ್ಟ. ಪ್ರತಿಯೊಬ್ಬ ಗೃಹಸ್ಥನೂ ತನ್ನ ಮನೆಯ ಕಳೆದ ಐದು ವರ್ಷಗಳ ಚರಿತ್ರೆಯನ್ನು ನೆನೆದು, ಇದರಲ್ಲಿ ತನ್ನ ಸ್ಥಾನವೆಲ್ಲಿ ಎಂಬುದನ್ನು ತಾನೇ ನಿರ್ಣಯಿಸಬಹುದು.

ಆ ₹1,800ರಲ್ಲಿ ಶೇಕಡ 18ರ ತೆರಿಗೆ ಸೇರಿದ್ದರೆ ಅದರ ಪಾಲು ಸುಮಾರು ₹275. ಮಾರುವವನ ಕಮಿಷನ್, ನಡೆಸುವವರ ಸಂಬಳ ಸಾರಿಗೆ, ಅವರ ಲಾಭ, ಇವೆಲ್ಲವೂ ಉಳಿದ ಹಣದಿಂದಲೇ ಹೋಗಬೇಕು. ಮಿಕ್ಕುದು ಮಾತ್ರ ಒಡೆದ ಫೋನುಗಳ ದುರಸ್ತಿಗೆ. ಆದುದರಿಂದ ಹಣ ಕಟ್ಟಿದವರೆಲ್ಲರನ್ನೂ ಒಟ್ಟು ಹಿಡಿದರೆ, ಅವರು ಕೊಟ್ಟುದಕ್ಕಿಂತ ಅವರಿಗೆ ಬರುವುದು ಕಡಮೆಯಾಗಿಯೇ ಇರಬೇಕು. ಇದು ಯಾರ ವಂಚನೆಯೂ ಅಲ್ಲ, ರಕ್ಷಣೆಯ ವ್ಯಾಪಾರದ ಸ್ವಭಾವ.

ಹಾಗಾದರೆ ವಿಮೆಯೇ ಬೇಡವೆ? ಹಾಗಲ್ಲ. ನಾನು ಸೇವೆಯಲ್ಲಿದ್ದಷ್ಟು ಕಾಲವೂ ಸರ್ಕಾರಿ ವಿಮಾ ಇಲಾಖೆಯ ಕಂತು ನನ್ನ ಸಂಬಳದಲ್ಲಿ ಕಡಿತವಾಗುತ್ತಿತ್ತು. 1891ರಲ್ಲಿ ಮೈಸೂರು ಸಂಸ್ಥಾನದಲ್ಲಿ ನೌಕರರಿಗಾಗಿ ಪ್ರಾರಂಭವಾದ ಏರ್ಪಾಡು ಅದು. ಅದಕ್ಕಾಗಿ ನಾನು ಒಂದು ದಿನವೂ ಗೊಣಗಲಿಲ್ಲ. ಏಕೆಂದರೆ, ದುಡಿಯುವವನು ಹೋದರೆ ಆಗುವ ನಷ್ಟವನ್ನು ಸಂಸಾರವು ಹೊರಲಾರದು. ಹೊರಲಾರದ ಭಾರಕ್ಕೆ ಹೆಗಲು ಕೊಡುವವರನ್ನು ಹಣ ಕೊಟ್ಟಾದರೂ ಗೊತ್ತುಮಾಡಿಕೊಳ್ಳಬೇಕು. ಹೊರಬಲ್ಲ ಭಾರಕ್ಕೆ ಕೂಲಿಯನ್ನಿಡುವುದು ದುಂದು. ವಿಮೆಯ ವಿಷಯದಲ್ಲಿ ಇದೊಂದೇ ಸೂತ್ರವನ್ನು ನೆನಪಿನಲ್ಲಿಟ್ಟರೆ ಸಾಕೆಂದು ನನಗೆ ತೋರುತ್ತದೆ. ಫೋನಿಗೂ ಇದನ್ನೇ ಅನ್ವಯಿಸಬೇಕು. ಆರು ಸಾವಿರದ ಖರ್ಚು ತಲೆಯ ಮೇಲೆ ಬಿದ್ದರೆ ಸಾಲ ಮಾಡಬೇಕಾದವನಿಗೂ, ತಿಂಗಳ ಖರ್ಚಿನಲ್ಲಿ ಸ್ವಲ್ಪ ಬಿಗಿಹಿಡಿದರೆ ಸಾಕಾಗುವವನಿಗೂ ಒಂದೇ ಉತ್ತರ ಸಲ್ಲುವುದಿಲ್ಲ. ಸಂಡೂರಿನ ಹುಡುಗಿಗೆ ಫೋನೇ ಸೂಜಿದಾರ. ಅದು ನಿಂತರೆ ಸಂಪಾದನೆ ನಿಂತಿತು. ಕಂಪ್ಲಿಯ ರೈತನಿಗೂ ಹಾಗೆಯೇ. ಇಂಥವರಿಗೆ ಆಕಸ್ಮಿಕ ಹಾನಿಯ ರಕ್ಷಣೆಯು ಯುಕ್ತವೇ. ಅವರಿಗೆ ಬೇಡವಾದುದು ಬರಿಯ ವಿಸ್ತರಿಸಿದ ವಾರಂಟಿ. ಯಂತ್ರದಲ್ಲಿ ತಯಾರಿಕೆಯ ದೋಷವಿದ್ದರೆ ಅದು ಬಹುಮಟ್ಟಿಗೆ ಮೊದಲ ವರ್ಷದಲ್ಲಿಯೇ ಹೊರಬೀಳುತ್ತದೆ, ಆಗ ತಯಾರಕನ ಹೊಣೆ ಹೇಗೂ ಇದ್ದೇ ಇದೆ. ವರ್ಷಗಳು ಕಳೆದಂತೆ ಕ್ಷೀಣಿಸುವುದು ಬ್ಯಾಟರಿ. ಅದನ್ನಾದರೋ ‘ಸವೆತ, ದೋಷವಲ್ಲ’ ಎಂದು ಅನೇಕ ಕರಾರುಗಳು ಹೊರಗಿಡುತ್ತವೆ.

ಕರಾರನ್ನು ಓದುವಾಗ ನೋಡತಕ್ಕ ಅಂಶಗಳನ್ನು ಇಲ್ಲಿ ಸಂಗ್ರಹಿಸುತ್ತೇನೆ. ಮೇಲಿನ ಮೂರರಲ್ಲಿ ಇದು ಯಾವ ಬಗೆ? ಯಾವ ದಿನದಿಂದ ಯಾವ ದಿನದವರೆಗೆ? ವರ್ಷಕ್ಕೆ ಎಷ್ಟು ಸಲ ದುರಸ್ತಿ? ಪ್ರತಿ ಸಲವೂ ನಾವು ಕಟ್ಟಬೇಕಾದುದೆಷ್ಟು? ಫೋನು ಹಳೆಯದಾದಂತೆ ಕೊಡುವ ಹಣವನ್ನು ಇಳಿಸುತ್ತಾರೆಯೆ? ಹಾನಿಯಾದ ಎಷ್ಟು ಗಂಟೆಗಳೊಳಗೆ ತಿಳಿಸಬೇಕು? ದುರಸ್ತಿ ಮಾಡುವ ಅಧಿಕೃತ ಸ್ಥಳವು ಹೊಸಪೇಟೆಯಲ್ಲಿದೆಯೋ, ಬಳ್ಳಾರಿಗೋ ಹುಬ್ಬಳ್ಳಿಗೋ ಓಡಬೇಕೋ? ಹೊಣೆ ಹೊತ್ತವರು ತಯಾರಕರೋ, ವಿಮಾ ಕಂಪನಿಯೋ, ಬರಿಯ ಮಧ್ಯವರ್ತಿಯೋ? ಈ ಎಂಟು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ದೊರೆಯದಿದ್ದರೆ ಆ ಯೋಜನೆಯನ್ನು ಕೊಳ್ಳದಿರುವುದೇ ಲೇಸು. ಬಾಯಿಮಾತಿನ ಭರವಸೆಯು ಅಂಗಡಿಯ ಹೊಸ್ತಿಲನ್ನು ದಾಟುವುದಿಲ್ಲ.

ಕಾನೂನು ಈಗ ಕೊಳ್ಳುವವನ ಪಕ್ಷದಲ್ಲಿದೆಯೆಂಬುದನ್ನೂ ತಿಳಿದಿರಬೇಕು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು 2020ರ ಜುಲೈಯಲ್ಲಿ ಜಾರಿಗೆ ಬಂದಿತು. ಒಂದು ವಸ್ತುವನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಕಟ್ಟುಮಾಡುವುದನ್ನು ಅದು ನಿರ್ಬಂಧಕ ವ್ಯಾಪಾರ ಪದ್ಧತಿಯೆಂದು ಕರೆಯುತ್ತದೆ. ಆದುದರಿಂದ ‘ಪ್ಲಾನ್ ಇಲ್ಲದೆ ಫೋನ್ ಕೊಡುವುದಿಲ್ಲ’ ಎನ್ನುವಂತಿಲ್ಲ. ದೋಷಯುಕ್ತ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಳ್ಳದಿರುವುದೂ ಅನುಚಿತ ಪದ್ಧತಿಯೇ. ಮನುವಿನ ಹತ್ತು ದಿನ ಈಗ ಮೂವತ್ತಾಗಿದೆಯೆಂದು ನಾನು ಗೆಳೆಯರಲ್ಲಿ ವಿನೋದವಾಗಿ ಹೇಳುವುದುಂಟು. ಅಂತರ್ಜಾಲದಲ್ಲಿ ಕೊಳ್ಳುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ನಮ್ಮನ್ನು ಕೇಳದೆಯೇ ಯೋಜನೆಯೊಂದನ್ನು ಲೆಕ್ಕದಲ್ಲಿ ಸೇರಿಸಿಬಿಡುವ ಚಾಳಿಯನ್ನು 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಗಳು ನಿಷೇಧಿಸಿವೆ. ಹಣ ಕಟ್ಟುವ ಮುನ್ನ ಮೊತ್ತವನ್ನು ಒಮ್ಮೆ ಕೂಡಿ ನೋಡಿರಿ. ವ್ಯಾಜ್ಯವು ಅನಿವಾರ್ಯವಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ಹೋಗಬಹುದು. ನಾವು ವಾಸಿಸುವ ಸ್ಥಳದಲ್ಲಿಯೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿಯೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಬಿಲ್ಲು ಕೈಯಲ್ಲಿರಬೇಕು.

ಇಷ್ಟಾದರೂ ಎಲ್ಲಕ್ಕಿಂತ ಅಗ್ಗವಾದ ರಕ್ಷಣೆಯೆಂದರೆ ಜಾಗರೂಕತೆ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನ ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ತುಂಡಾಗಿ ಕೊಚ್ಚಿಹೋದುದನ್ನು ಇಲ್ಲಿಯವರು ಮರೆತಿಲ್ಲ. ಒಂದು ಸರಪಳಿಯ ಕೊರತೆಯಿಂದ ಎಷ್ಟು ನೀರು ಹರಿದುಹೋಯಿತು! ಫೋನಿನಂತಹ ಅಲ್ಪವಸ್ತುವಿಗೂ ಅದೇ ಪಾಠ. ಐದುನೂರು ರೂಪಾಯಿಯೊಳಗಿನ ಒಂದು ಗಟ್ಟಿಯಾದ ಕವಚವೂ ಗಾಜಿನ ಮೇಲಿನ ಹಾಳೆಯೂ ಅನೇಕ ಪೆಟ್ಟುಗಳನ್ನು ತಡೆಯುತ್ತವೆ. ಹಂಪಿಯಿಂದ ಆನೆಗೊಂದಿಯ ಕಡೆಗೆ ಹರಿಗೋಲಿನಲ್ಲಿ ಹೋಗುವಾಗ ಫೋನನ್ನು ಜಲನಿರೋಧಕ ಚೀಲದಲ್ಲಿಡಿ. ‘ನೀರು ತಡೆಯುತ್ತದೆ’ ಎಂದು ಜಾಹೀರಾತಿನಲ್ಲಿ ಹೇಳಿದ ಫೋನುಗಳಿಗೂ ನೀರಿನ ಹಾನಿಯನ್ನು ವಾರಂಟಿಯಿಂದ ಹೊರಗಿಡುವುದು ವಾಡಿಕೆ. ಸಂಡೂರಿನ ಗಣಿಯ ಕೆಂಧೂಳು ಚಾರ್ಜಿನ ರಂಧ್ರದಲ್ಲಿ ಸೇರದಂತೆ ನೋಡಿಕೊಳ್ಳಿ. ನಮ್ಮ ಕಡೆಯ ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುವುದುಂಟು. ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಫೋನಿನ ಬ್ಯಾಟರಿಯು ಬೇಗ ಮುಪ್ಪಾಗುತ್ತದೆ. ಫೋನಿನಲ್ಲಿ *#06# ಎಂದು ಒತ್ತಿದರೆ ಕಾಣುವ ಹದಿನೈದು ಅಂಕಿಗಳ ಐ.ಎಂ.ಇ.ಐ. ಸಂಖ್ಯೆಯನ್ನು ಪಂಚಾಂಗದ ಹಿಂಬದಿಯಲ್ಲಾದರೂ ಬರೆದಿಡಿ. ಫೋನು ಕಳೆದರೆ ಪೊಲೀಸರಿಗೆ ದೂರು ಕೊಟ್ಟು, ಕೇಂದ್ರ ಸರ್ಕಾರದ ಸಂಚಾರ್ ಸಾಥಿಯ ಮೂಲಕ ಆ ಸಂಖ್ಯೆಯನ್ನು ತಡೆಹಿಡಿಸಬಹುದು.

ಕೊನೆಗೆ ನಾವು ಮಾಡಿದುದೇನೆಂದು ವಾಚಕರು ಕೇಳಬಹುದು. ನಮ್ಮ ಮನೆಯಲ್ಲಿ ಐದು ಫೋನುಗಳಿವೆ. ಒಂದೊಂದಕ್ಕೂ ₹1,800ರ ಯೋಜನೆಯೆಂದರೆ ವರ್ಷಕ್ಕೆ ₹9,000. ಐದೂ ಫೋನುಗಳು ಒಂದೇ ವರ್ಷದಲ್ಲಿ ಒಡೆಯುವ ಸಂಭವ ಕಡಮೆ. ಹೀಗಿರುವಾಗ ನಮ್ಮ ಸಂಸಾರವೇ ಒಂದು ಪುಟ್ಟ ವಿಮಾ ಮಂಡಲಿಯಾಗಬಾರದೇಕೆ? ಸೊಸೆಯ ಸೂಚನೆಯಂತೆ ಒಂದು ಡಬ್ಬಿಯನ್ನಿಟ್ಟು, ಫೋನಿಗೆ ತಿಂಗಳಿಗೆ ₹150ರಂತೆ ₹750 ಹಾಕುತ್ತ ಬಂದೆವು. ಅಂಗಡಿಗೆ ಹೋಗಿ ಯೋಜನೆ ಬೇಡವೆಂದು ಶಿಷ್ಯನಿಗೆ ತಿಳಿಸಿದೆ. “ಆಮ್ಯಾಲೆ ಒಡೆದ್ರೆ ನನ್ನ ಬೈಬ್ಯಾಡ್ರಿ ಸರ್” ಎಂದು ಅವನು ನಕ್ಕನು.

ಒಡೆಯಿತು. ಐದನೆಯ ತಿಂಗಳಿನಲ್ಲಿ ಮೊಮ್ಮಗನ ಕೈಯಿಂದ ಅವನ ಫೋನು ಮೆಟ್ಟಿಲುಗಳ ಮೇಲೆ ಉರುಳಿತು. ದುರಸ್ತಿಗೆ ₹4,200, ಡಬ್ಬಿಯಲ್ಲಿದ್ದುದು ₹3,750. ಮಿಕ್ಕ ₹450ನ್ನು ನನ್ನ ಪಿಂಚಣಿಯಿಂದ ಕೊಟ್ಟೆ. ಆ ದಿನ ಮನೆಯಲ್ಲಿ ಎಲ್ಲರೂ ನನ್ನ ಕಡೆಗೆ ನೋಡಿದ ನೋಟವನ್ನು ವರ್ಣಿಸಲಾರೆ. “ಅಲ್ರೀ, ಅವತ್ತೇ ಹಾಕಿಸಿದ್ದರೆ?” ಎಂದು ನನ್ನ ಪತ್ನಿ ಕೇಳಿಯೇ ಬಿಟ್ಟಳು. ನಾನು ಸುಮ್ಮನಿದ್ದೆ. ಉಳಿದ ಏಳು ತಿಂಗಳೂ ಡಬ್ಬಿಗೆ ಹಣ ಬೀಳುತ್ತ ಹೋಯಿತು, ಬೇರೇನೂ ಒಡೆಯಲಿಲ್ಲ. ಈ ದೀಪಾವಳಿಯ ಮುನ್ನಾದಿನ ಎಣಿಸಿದಾಗ ₹5,250 ಇತ್ತು. ಅದರಲ್ಲಿ ನನ್ನ ₹450ನ್ನು ನನಗೆ ಹಿಂದಿರುಗಿಸಿದರು. ಉಳಿದ ₹4,800ರಲ್ಲಿ ಅರ್ಧವನ್ನು ಡಬ್ಬಿಯಲ್ಲಿಯೇ ಬಿಟ್ಟು, ಮಿಕ್ಕುದನ್ನು ನನ್ನ ಪತ್ನಿಯೇ ಕಂಪ್ಲಿಯ ಸೋದರಳಿಯನಿಗೆ ಕಳುಹಿಸಬೇಕೆಂದಳು. ಅವನ ಹೊಸ ಫೋನಿಗೆ ಆಕಸ್ಮಿಕ ಹಾನಿಯ ರಕ್ಷಣೆಯನ್ನು ಕೊಳ್ಳಲು ಕಾಲ ಮೀರಿಹೋಗಿತ್ತು, ಏಕೆಂದರೆ ಫೋನು ಕೊಂಡ ಕೆಲವೇ ದಿನಗಳೊಳಗೆ ಅದನ್ನು ಕೊಳ್ಳಬೇಕೆಂಬುದು ಸಾಮಾನ್ಯ ನಿಯಮ. ಆದುದರಿಂದ ಅವನೂ ಆ ಹಣವನ್ನು ಒಂದು ಡಬ್ಬಿಯಲ್ಲಿ ಹಾಕಿ, ತಿಂಗಳಿಗೆ ಇಷ್ಟೆಂದು ಸೇರಿಸುತ್ತಿದ್ದಾನೆ. ಫೋನನ್ನು ಈಗ ಅಂಗಿಯ ಜೇಬಿನಲ್ಲಿಡದೆ, ಗುಂಡಿಯಿರುವ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಾನಂತೆ.